ಮಾವನವರ ಬಲಗಾಲಿನ ಊರುಗಳು

ನಾರಾಯಣಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು "ಉಟ್ಕೂರ್, ಮಕ್ತಲ್, ಜೂರಾಲ, ಗದ್ವಾಲ್... ಎಕ್ಕಂಡಿ, ಎಕ್ಕಂಡಿ" ಎಂದು ತೆಲುಗಿನಲ್ಲಿ ಹತ್ತಲು ಕೂಗಿದರೆ ಉಳಿದವರೆಲ್ಲ ಸೀಟು ಹಿಡಿಯಲು ಓಡುತ್ತಾರೆ. ನಾನು ಮಾತ್ರ ನಿಂತಲ್ಲೇ ನಿಂತು ನಗುತ್ತೇನೆ. ಆ ಹೆಸರುಗಳು ಒಂದರ ಹಿಂದೊಂದು ಕಿವಿಗೆ ಬಿದ್ದರೆ ನನ್ನ ಕಣ್ಣಿಗೆ ರಸ್ತೆ ಬರುವುದಿಲ್ಲ, ಹೊಳೆ ಬರುವುದಿಲ್ಲ, ನಮ್ಮ ಮಾವನವರ ಬಲಗಾಲು ಬರುತ್ತದೆ. ಮೊನ್ನೆಯೂ ಹಾಗೇ ಆಯಿತು. ಪಕ್ಕದಲ್ಲಿದ್ದ ಹೆಂಗಸು, "ಯಾಕ್ರಿ ನಗಾಕತ್ತೀರಿ? ಕಂಡಕ್ಟರ್ ಏನಂದ?" ಎಂದು ಕೇಳಿದಳು. "ಏನಿಲ್ರಿ, ಕಾಲಿನ ಹೆಸರು ಹೇಳಿದ" ಎಂದೆ. ಆಕೆ ತನ್ನ ಚೀಲ ಎತ್ತಿಕೊಂಡು ನನ್ನಿಂದ ನಾಲ್ಕು ಮಾರು ದೂರ ಹೋಗಿ ನಿಂತಳು. ತಪ್ಪು ಆಕೆಯದಲ್ಲ. ಪೂರ್ತಿ ಗೊತ್ತಿಲ್ಲದವರು ದೂರ ನಿಲ್ಲುವುದೇ ಕ್ಷೇಮ. ನೀವು ಹತ್ತಿರವೇ ಕೂತುಕೊಳ್ಳಿ, ಹೇಳಿಬಿಡುತ್ತೇನೆ.

ನಾನು ರಾಯಚೂರಿನ ಹುಡುಗಿ, ನಾರಾಯಣಪೇಟೆಯ ಸೊಸೆ. ಕಲಿತದ್ದು ಫಿಜಿಯೋಥೆರಪಿ. ಗುಳಿಗೆ, ಸೂಜಿ ಏನೂ ಇಲ್ಲದೆ ಜನರನ್ನು ಬಗ್ಗಿಸಿ, ಏಳಿಸಿ, ನಡೆಸಿ ನೋವು ಕಳೆಯುವ ವಿದ್ಯೆ ಅದು. ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಮನೆಯ ಮುಂದಿನ ಕೋಣೆಯನ್ನು ಬೇಡಿ ಪಡೆದು, ಹೊರಗೊಂದು ಬೋರ್ಡು ಹಾಕಿಸಿದೆ. ಪೇಂಟರು ವಿಳಾಸದ ಕೊನೆಗೆ 'ಆಂಧ್ರಪ್ರದೇಶ' ಎಂದು ಚೆಂದವಾಗಿ ಬರೆದ. ಬಣ್ಣ ಒಣಗುವುದರೊಳಗೆ ತೆಲಂಗಾಣ ಬಂತು. ಊರೆಲ್ಲ ಪಟಾಕಿ, ಗುಲಾಲು, ಪೇಢೆ. ಪೇಂಟರು ಮತ್ತೆ ಏಣಿ ಹತ್ತಿ ಕೆರೆದು ಹೊಸ ಹೆಸರು ಬರೆಯುತ್ತ, "ಮೇಡಂ, ಇನ್ನೇನರ ಬದಲಾಗೂದಿದ್ರ ಈಗ ಹೇಳಿಬಿಡ್ರಿ, ಒಂದಾ ಸಲಕ್ಕ ಮುಗಸ್ತೀನಿ" ಎಂದ. ಆ ಬೋರ್ಡು ನೋಡಿ ಬಂದ ಮೊದಲ ಗಿರಾಕಿ, ಮನೆಯ ಫ್ರಿಜ್ಜು ತಣ್ಣಗಾಗುತ್ತಿಲ್ಲ, ನೋಡಲು ಬರುತ್ತೀರಾ ಎಂದು ಕೇಳಿದ. 'ಫಿಜಿಯೋ' ಎಂದರೆ ಫ್ರಿಜ್ಜಿನ ರಿಪೇರಿ ಎಂದುಕೊಂಡಿದ್ದನಂತೆ. ಎರಡನೆಯ ಗಿರಾಕಿ ಬರುವ ಲಕ್ಷಣ ಇರಲಿಲ್ಲ. ಬಂದದ್ದು ಮನೆಯೊಳಗಿಂದಲೇ.

ಮಾವನವರದು ಸೀರೆ ಅಂಗಡಿ. ನಾರಾಯಣಪೇಟೆಯ ಸೀರೆ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಇವರು ಗದ್ವಾಲದ ಸೀರೆಯನ್ನೂ ಇಟ್ಟಿದ್ದರು. "ನಮ್ಮೂರ ಸೀರಿ ಮನಿ ಮಗಳಿದ್ದಂಗ, ಗದ್ವಾಲದ್ದು ಸೊಸಿ ಇದ್ದಂಗ. ಇಬ್ರೂ ಇದ್ರನ ಮನಿ ತುಂಬೂದು" ಎನ್ನುತ್ತಿದ್ದರು. ಆ ಸೊಸೆಯರನ್ನು ತರಲು ಹರೆಯದಿಂದಲೂ ವಾರಕ್ಕೊಮ್ಮೆ ಗದ್ವಾಲಕ್ಕೆ ಹೋಗಿಬರುವುದು ಅವರ ಪದ್ಧತಿ. ಬೆಳಗಿನ ಬಸ್ಸು, ಎಡಗಡೆಯ ಕಿಟಕಿ ಸೀಟು, ಹೆಗಲಿಗೊಂದು ಖಾಲಿ ಚೀಲ. ಅಲ್ಲಿ ನೇಕಾರರ ಮನೆಯಲ್ಲಿ ಮಗ್ಗದ ಪಕ್ಕ ಕೂತು, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡುವುದನ್ನು ನೋಡುತ್ತ ಚಹಾ ಕುಡಿಯುವುದು ಅವರಿಗೆ ದೇವರ ದರ್ಶನಕ್ಕಿಂತ ಒಂದು ತೂಕ ಹೆಚ್ಚು. ಇದನ್ನು ಅವರು ಒಪ್ಪುವುದಿಲ್ಲ. ಅತ್ತೆಯವರು ಹೇಳುತ್ತಾರೆ.

ಹೊಸ ರಾಜ್ಯ ಬಂದ ಆ ಬೇಸಿಗೆಯಲ್ಲೇ ಅವರ ಟೊಂಕ ಹಿಡಿಯಿತು. ಟೊಂಕದಿಂದ ಬಲಗಾಲಿಗೆ ಇಳಿಯಿತು. ಅಂಗಡಿಯ ಗಾದಿಯ ಮೇಲೆ ಅರ್ಧ ತಾಸು ಕೂತರೆ ಏಳಲು ಇಬ್ಬರ ಕೈ ಬೇಕು. ಟಿವಿಯಲ್ಲಿ ದಿನವಿಡೀ ರಾಜ್ಯ ಹಂಚಿಕೆಯ ಮಾತು. ಇವರು ಕಾಲು ಒತ್ತಿಕೊಳ್ಳುತ್ತ, "ನನ್ನ ಕಾಲೂ ಬ್ಯಾರೆ ರಾಜ್ಯ ಕೇಳಾಕತ್ತೈತಿ" ಎನ್ನುತ್ತಿದ್ದರು. ನಮ್ಮ ಜಿಲ್ಲಾ ಊರಾದ ಪಾಲಮೂರಿನ ಡಾಕ್ಟರು ಪರೀಕ್ಷೆ ಮಾಡಿ, ಹೆದರುವಂಥದ್ದೇನೂ ಇಲ್ಲ, ವ್ಯಾಯಾಮ ಮಾಡಿಸಿ ನೋಡಿ ಎಂದು ಕಳಿಸಿದ್ದರು. ಆದರೆ ಮನೆಯವರೆಲ್ಲ ಕೂಡಿ ಬೇರೊಂದು ತೀರ್ಮಾನ ಮಾಡಿಬಿಟ್ಟರು: ಇನ್ನು ಗದ್ವಾಲದ ತಿರುಗಾಟ ಬೇಡ, ಸೀರೆಗಳನ್ನು ಫೋನಿನಲ್ಲೇ ತರಿಸಿದರಾಯಿತು. ಮಾವನವರು ಗೋಡೆಯ ಗೂಟಕ್ಕೆ ನೇತುಬಿದ್ದಿದ್ದ ಚೀಲವನ್ನೊಮ್ಮೆ ನೋಡಿ ತಲೆ ತಗ್ಗಿಸಿದರು. ನನಗೆ ಅಪ್ಪನಿಲ್ಲ, ನನ್ನ ವಿದ್ಯೆಗೆ ಕೋಣೆ ಬಿಟ್ಟುಕೊಟ್ಟವರು ಇವರೇ. ಇವರನ್ನು ಮತ್ತೆ ಗದ್ವಾಲದ ಬಸ್ಸು ಹತ್ತಿಸಲಾಗದಿದ್ದರೆ ಆ ಬೋರ್ಡು ಇಳಿಸಿ ಫ್ರಿಜ್ಜು ರಿಪೇರಿಯನ್ನೇ ಕಲಿಯುವುದು ಮೇಲು ಎನಿಸಿತು.

ಈಗ ನಮ್ಮ ವಿದ್ಯೆಯ ಗುಟ್ಟು ಒಂದಿಷ್ಟು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಟೊಂಕದ ನೋವನ್ನು ಅಳೆಯುವ ಒಂದು ಕ್ರಮವಿದೆ. ರೋಗಿಯನ್ನು ಮುಂದಕ್ಕೆ ಹತ್ತು ಸಲ ಬಗ್ಗಿಸುವುದು, ಕೇಳುವುದು. ಹಿಂದಕ್ಕೆ ಬಾಗಿಸುವುದು, ಕೇಳುವುದು. ನೋವು ಕಾಲಿನಲ್ಲಿ ಕೆಳಕ್ಕಿಳಿದರೆ ಆ ದಿಕ್ಕು ಬೇಡ. ಕಾಲು ಬಿಟ್ಟು ಮೇಲೆ ಮೇಲೆ ಬಂದು ಟೊಂಕದಲ್ಲಿ ಗುಂಪುಗೂಡಿದರೆ ಅದೇ ಮದ್ದಿನ ದಿಕ್ಕು. ಯಂತ್ರವಿಲ್ಲ, ತಂತ್ರವಿಲ್ಲ. ಇದ್ದಬದ್ದದ್ದೆಲ್ಲ ರೋಗಿಯ ಬಾಯಿಯ ಉತ್ತರದ ಮೇಲೆ ನಿಂತಿದೆ. ಈ ಕ್ರಮ ಕಂಡುಹಿಡಿದ ಪುಣ್ಯಾತ್ಮ ಎಲ್ಲಿಯವನೋ, ನಮ್ಮ ಕಡೆ ಒಂದು ಸಲವೂ ಬಂದಿರಲಿಕ್ಕಿಲ್ಲ. ಬಂದಿದ್ದರೆ ನಮ್ಮವರ ಉತ್ತರ ಕೇಳಿ ಬೇರೆ ಉದ್ಯೋಗ ನೋಡಿಕೊಳ್ಳುತ್ತಿದ್ದ.

ಯಾಕೆಂದರೆ ನಮ್ಮಲ್ಲಿ "ಹೆಂಗೈತಿ?" ಎಂಬುದಕ್ಕೆ ಇರುವುದು ಒಂದೇ ಉತ್ತರ: "ಆರಾಮ ಐತ್ರಿ." ಅದು ಉತ್ತರವಲ್ಲ, ಮರ್ಯಾದೆ. ಮನೆಗೆ ಬಂದವರಿಗೆ ನೀರು ಕೊಟ್ಟಂತೆ, ಕೇಳಿದವರಿಗೆ ಆರಾಮ ಕೊಡಬೇಕು. ನಾನು ಚಿಕ್ಕವಳಿದ್ದಾಗ ರಾಯಚೂರಿನ ನಮ್ಮ ಅಜ್ಜಿ ಮಧ್ಯಾಹ್ನ ಮಲಗಿದವಳು ಹೊರಸಿನಿಂದ ಉರುಳಿಬಿದ್ದಳು. ಸಪ್ಪಳ ಕೇಳಿ ಮಾಮ ಓಡಿಬಂದು "ಯವ್ವಾ, ಹೆಂಗದೀ?" ಎಂದ. ಅಜ್ಜಿ ನೆಲದ ಮೇಲೆ ಅಂಗಾತ ಬಿದ್ದುಕೊಂಡೇ, "ಆರಾಮ ಅದೀನಪ, ಬಿದ್ದೀನಿ ಅಷ್ಟ" ಎಂದಳು. ಆಮೇಲೆ, "ನೀ ಆರಾಮ?" ಎಂದು ತಿರುಗಿ ಕೇಳಿದಳು. ಇಂಥ ಮನೆತನದಲ್ಲಿ ಹುಟ್ಟಿದವಳು ನಾನು. ನನಗೆ ಮೊದಲೇ ಹೊಳೆಯಬೇಕಿತ್ತು.

ಇದರ ಮೇಲೆ ಇನ್ನೊಂದು ತೊಡಕು. ನಮ್ಮ ಮನೆಯಲ್ಲಿ ಮಾವ ಸೊಸೆ ಎದುರಾಬದುರಾ ಮಾತಾಡುವ ರೂಢಿಯಿಲ್ಲ. ಸಿಟ್ಟೇನಲ್ಲ, ಪದ್ಧತಿ. ನಾನು ತಲೆ ಮೇಲೆ ಸೆರಗು ಹೊದ್ದು ಬಾಗಿಲ ಬಳಿ ನಿಲ್ಲಬೇಕು. ಅವರು ನನಗೆ ಹೇಳಬೇಕಾದ್ದನ್ನು ಅತ್ತೆಯವರಿಗೆ ಹೇಳಬೇಕು. ಮೂವರೂ ಒಂದೇ ಕೋಣೆಯಲ್ಲಿದ್ದರೂ ಮಾತು ಅತ್ತೆಯವರ ಬಾಯಿಗೆ ಹೋಗಿಯೇ ಬರಬೇಕು. ನಡುವೆ ಅವರು ತಮಗೆ ಬೇಡವೆನಿಸಿದ್ದನ್ನು ಆರಿಸಿ ತೆಗೆಯುತ್ತಿದ್ದರು.

ಹೀಗೆ ಒಂದು ಮುಂಜಾನೆ ಪರೀಕ್ಷೆ ಶುರುವಾಯಿತು. ಮಾವನವರು ಮುಂದಕ್ಕೆ ಬಗ್ಗಿ ಬಗ್ಗಿ ಎದ್ದರು. ಒಂದೊಂದು ಸಲಕ್ಕೂ "ಮಲ್ಲಯ್ಯಾ" ಎಂದು ಮನೆದೇವರನ್ನು ಕರೆಯುತ್ತಿದ್ದರು.

"ಹೆಂಗೈತಂತ ಕೇಳ್ರಿ ಅತ್ತಿ" ಎಂದೆ.

"ಹೆಂಗೈತಂತ್ರಿ?" ಎಂದರು ಅತ್ತೆ.

"ಆರಾಮ ಐತಿ."

"ಆರಾಮ ಐತಂತ ನೋಡವ್ವಾ."

ಆ ಆರಾಮವನ್ನು ನಾನು ನಂಬಿಬಿಡುತ್ತಿದ್ದೆ. ಆದರೆ ತಲೆ ತಗ್ಗಿಸಿ ನಿಲ್ಲುವ ಸೊಸೆಗೆ ಮಾವನವರ ಮುಖ ಸರಿಯಾಗಿ ಕಾಣದಿದ್ದರೂ ಪಾದ ಚೆನ್ನಾಗಿ ಕಾಣುತ್ತದೆ. ಬಲಗಾಲಿನ ಬೆರಳುಗಳು ಚಾಪೆಯನ್ನು ಚಿವುಟುತ್ತಿದ್ದವು. ಪದ್ಧತಿಗಳಿಂದಲೂ ಕೆಲವೊಮ್ಮೆ ಉಪಕಾರವಾಗುತ್ತದೆ ನೋಡಿ. ಅಂದಿನಿಂದ 'ಹೆಂಗೈತಿ' ಎಂದು ಕೇಳುವುದನ್ನೇ ಬಿಟ್ಟೆ. "ಎಲ್ಲೈತಿ ಅಂತ ಕೇಳ್ರಿ" ಎಂದೆ. 'ಎಲ್ಲಿ' ಎಂಬುದಕ್ಕೆ ಆರಾಮ ಎಂದು ಹೇಳಲು ಬರುವುದಿಲ್ಲವಲ್ಲ.

ಮಾವನವರು ಮೊಣಕಾಲ ಕೆಳಗಿನ ಹಿಂಭಾಗ ಸವರಿ ತೋರಿಸಿದರು. "ಮೀನಖಂಡ" ಎಂದೆ ನಾನು, ಕಲಿತ ಜಂಬದಲ್ಲಿ. ಅವರು ಮುಖ ಕಿವುಚಿ ಅತ್ತೆಯವರ ಕಡೆ ತಿರುಗಿದರು.

"ಆಕಿಗೆ ಹೇಳು, ಲಿಂಗ ಕಟ್ಟಿದವರ ಕಾಲಾಗ ಮೀನು ಎಲ್ಲಿಂದ ಬರ್ತೈತಿ?"

"ಅದಕ್ಕ ಹೆಸರಾ ಹಂಗೈತ್ರಿ ಅತ್ತಿ" ಎಂದೆ.

ಅತ್ತೆಯವರಿಗೆ ನಗು ತಡೆಯಲಾಗಲಿಲ್ಲ. "ಹಂಗಾರ ಜೂರಾಲ ಅನ್ರಿ, ಮೀನು ಸಿಗೂದು ಅಲ್ಲೇ ಅಲ್ಲೇನು?" ಎಂದರು. ಜೂರಾಲದಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಪಕ್ಕ ಸಾಲುಸಾಲು ಮೀನು ಕರಿಯುವ ಅಂಗಡಿಗಳು. ಅಲ್ಲಿ ಬಸ್ಸು ನಿಂತಾಗಲೆಲ್ಲ ಮಾವನವರು ಮೂಗಿಗೆ ಹೆಗಲ ಮೇಲಿನ ವಲ್ಲಿ ಹಿಡಿದುಕೊಂಡು ಕೂರುತ್ತಾರೆ ಎಂಬುದು ಮನೆಯ ಹಳೆಯ ತಮಾಷೆ. ಅತ್ತೆಯವರು ಆಡಿದ್ದು ತಮಾಷೆಗೇ. ಆದರೆ ಮಾವನವರು ನಗಲಿಲ್ಲ. ತಮ್ಮ ಕಾಲನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿಕೊಂಡರು. ಅವರ ಮುಖದಲ್ಲಿ ದೊಡ್ಡ ಸಮಸ್ಯೆಯೊಂದು ಬಗೆಹರಿದ ಸಮಾಧಾನ ಮೂಡಿತು.

ಆ ಸಮಸ್ಯೆ ಯಾವುದೆಂದು ಹೇಳುತ್ತೇನೆ. ನೋವಿನ ದಾರಿಯಲ್ಲಿ ಟೊಂಕಕ್ಕೂ ತೊಡೆಗೂ ನಡುವೆ ಒಂದು ಜಾಗ ಬರುತ್ತದೆ. ಅದರ ಹೆಸರನ್ನು ಸೊಸೆಯ ಮುಂದೆ ಹೇಳುವ ಮಾವ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅತ್ತೆಯವರು ಒಮ್ಮೆ 'ಕುಂದರೋ ಜಾಗ' ಎನ್ನಲು ಹೋದಾಗ ಮಾವನವರು ಎಂಥ ಕೆಮ್ಮು ಕೆಮ್ಮಿದರೆಂದರೆ ನಾನು ಓಡಿ ನೀರು ತಂದಿದ್ದೆ. ಈಗ ಗಂಟಲು ಸರಿಮಾಡಿಕೊಂಡು ಹೇಳಿದರು:

"ಆಕಿಗೆ ಹೇಳು. ಟೊಂಕ ಅಂದ್ರ ನಮ್ಮ ನಾರಾಯಣಪೇಟಿ. ಮೊಣಕಾಲು ಮಕ್ತಲ್. ಅದು ಜೂರಾಲ. ಹಿಮ್ಮಡ ಗದ್ವಾಲ." ಆಮೇಲೆ ಗೋಡೆ ನೋಡುತ್ತ, "ನಡುವ ಒಂದು ಉಟ್ಕೂರು ಬರ್ತೈತಿ. ಅದನ್ನ ಆಕಿ ತಿಳಕೊಳ್ಳಲಿ" ಎಂದರು.

ನಾನು ತಿಳಿದುಕೊಂಡೆ. ಸೆರಗಿನೊಳಗೆ ಬಾಯಿ ಮುಚ್ಚಿಕೊಂಡೆ. ಉಟ್ಕೂರಿಗೂ ಮಕ್ತಲಿಗೂ ನಡುವೆ ತೊಡೆ. ಸಂಸ್ಕೃತದಲ್ಲಿ ಅದಕ್ಕೆ ಊರು ಎಂದೇ ಹೆಸರು, ಆದ್ದರಿಂದ ಬೇರೆ ಊರು ಹುಡುಕಬೇಕಾಗಲಿಲ್ಲ.

ಮುಂದಕ್ಕೆ ಬಗ್ಗಿದಾಗ ನೋವು ಗದ್ವಾಲ ಮುಟ್ಟುತ್ತದೆ ಎಂದು ತಿಳಿಯಿತು. ಇನ್ನು ಹಿಂದಕ್ಕೆ ಬಾಗಿಸಿ ನೋಡಬೇಕು. ಅದಕ್ಕೆ ಬೋರಲು ಮಲಗಿ, ಅಂಗೈ ಊರಿ, ಎದೆಯನ್ನಷ್ಟೇ ಎತ್ತಬೇಕು. ಮಾವನವರು ಚಾಪೆ ನೋಡಿದರು, ಚಾಪೆಯ ಆ ತುದಿಗೆ ನಿಂತಿದ್ದ ನನ್ನ ಕಾಲು ನೋಡಿದರು.

"ಸೊಸಿ ಮುಂದ ನಾ ದೀಡ ನಮಸ್ಕಾರ ಹಾಕಲೇನು? ಆಗೂದಿಲ್ಲಂತ ಹೇಳು."

ಮಾತು ನ್ಯಾಯವಾಗಿಯೇ ಇತ್ತು. ಚಾಪೆಯನ್ನು ಎತ್ತಿ ದೇವರ ಜಗಲಿಯ ಮುಂದೆ, ಮಲ್ಲಯ್ಯನ ಫೋಟೋದ ಕಡೆ ತಲೆ ಮಾಡಿ ಹಾಸಿದೆವು. ನಾನು ಹಿಂದೆ ಸರಿದು ನಿಂತೆ. ಈಗ ಅದು ಭಕ್ತಿಯಾಯಿತು. ಮಾವನವರು ಅಡ್ಡಬಿದ್ದು, ಎದೆ ಎತ್ತಿ ಮಲ್ಲಯ್ಯನ ಮುಖ ನೋಡುವರು, ಇಳಿಯುವರು, ಮತ್ತೆ ಎತ್ತುವರು. ಅವರ ಜನ್ಮದಲ್ಲಿ ಅಷ್ಟು ದರ್ಶನ ಒಂದೇ ಬಾರಿಗೆ ಆಗಿರಲಿಲ್ಲ.

"ಎಲ್ಲೈತಂತ ಕೇಳ್ರಿ."

"ಗದ್ವಾಲದಾಗ ಕಾಣವಲ್ದು" ಎಂದರು ಮಾವ, ನೆಲಕ್ಕೆ ಗಲ್ಲ ಹಚ್ಚಿಕೊಂಡೇ. ಇನ್ನಷ್ಟು ಸಲ ಎದ್ದಿಳಿದರು. "ಹೊಳಿ ದಾಟಿ ಈಕಡಿ ಬಂತು." ಆಮೇಲೆ, "ಮಕ್ತಲ್ ಬಿಡ್ತು." ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಉಟ್ಕೂರು." ಕೊನೆಗೆ ಮಾವನವರು "ಅಯ್ಯಪ್ಪಾ! ನಾರಾಯಣಪೇಟ್ಯಾಗ ಬಾಳ ಆತು! ಮೊದಲಿಗಿಂತ ಜಾಸ್ತಿ ಆತು!" ಎಂದು ಕೂಗಿದರು.

ನಾನು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿಬಿಟ್ಟೆ. ಸೆರಗು ಜಾರಿ ಭುಜಕ್ಕೆ ಬಿತ್ತು. "ಆಗ್ಲಿ ಬಿಡ್ರಿ ಅತ್ತಿ, ಬಾಳ ಚಲೋ ಆತು!" ಎಂದು ಕುಣಿದೆ.

ಅದೇ ಗಳಿಗೆಗೆ ಪಕ್ಕದ ಮನೆಯ ಕಾಶಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದರು. ಅವರು ಕಂಡದ್ದು ಇಷ್ಟು: ಮಾವ ನೆಲಕ್ಕೆ ಬಿದ್ದು ನರಳುತ್ತಿದ್ದಾರೆ, ಸೊಸೆ ಚಪ್ಪಾಳೆ ತಟ್ಟುತ್ತಿದ್ದಾಳೆ. ಮಜ್ಜಿಗೆ ಕೇಳುವುದನ್ನೇ ಮರೆತು ಹೋದರು. ಸಂಜೆಯೊಳಗೆ ಓಣಿಯೆಲ್ಲ ಅದೇ ಸುದ್ದಿ. ಅತ್ತೆಯವರ ಮುಖವೂ ಗಂಟಾಗಿತ್ತು. "ಅಲ್ಲವ್ವಾ, ನೋವು ಜಾಸ್ತಿ ಆತಂದ್ರ ನೀ ನಗೂದು ಏನು? ನಾಳಿಂದ ಬ್ಯಾಡ ಬಿಡು ಇದು" ಎಂದರು.

ಕಾಲು ಬಿಟ್ಟು ಟೊಂಕಕ್ಕೆ ಬಂದರೆ ಒಳ್ಳೆಯದು, ಅಲ್ಲಿ ಸ್ವಲ್ಪ ದಿನ ಹೆಚ್ಚಾಗಿ ಆಮೇಲೆ ಇಳಿಯುತ್ತದೆ ಎಂದು ನಾನು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಆಗ ಪಡಸಾಲೆಯಿಂದ ಮಾವನವರ ದನಿ ಬಂತು.

"ಏ, ಇಲ್ಲಿ ಕೇಳು. ಗದ್ವಾಲದ ಮಾಲು ಬಂದು ಇಳದ ದಿನ ನಮ್ಮ ಅಂಗಡ್ಯಾಗ ಎಷ್ಟು ಗದ್ಲ ಇರ್ತೈತಿ? ಕಾಲಿಡಾಕ ಜಾಗ ಇರೂದಿಲ್ಲ. ಹಂಗಂತ ಮಾಲು ಬರೂದು ಬ್ಯಾಡಂತೀಯೇನು? ದಾರ್ಯಾಗ ಚೆಲ್ಲಾಪಿಲ್ಲಿ ಬಿದ್ದದ್ದು ಈಗ ಮನಿಗೆ ಬಂದು ಇಳದೈತಿ. ಬಿಚ್ಚಿ ಹೊಂದಿಸಿಟ್ರ ತಣ್ಣಗಾಗ್ತೈತಿ. ಆಕಿ ನಗಲಿ ಬಿಡು."

ನನ್ನ ಪುಸ್ತಕಗಳಲ್ಲಿ ಇದಕ್ಕೆ ಪುಟಗಟ್ಟಲೆ ವಿವರಣೆ ಇದೆ. ಒಂದೂ ಅತ್ತೆಯವರಿಗೆ ತಿಳಿಯುವಂತಿಲ್ಲ. ಮರುದಿನ ಬೆಳಿಗ್ಗೆ ಚಾಪೆ ಹಾಸಿದವರು ಅತ್ತೆಯವರೇ.

ಆಮೇಲಿನ ದಿನಗಳ ಸಂಭ್ರಮವನ್ನು ಹೇಗೆ ಹೇಳಲಿ! ಅಂಗಡಿಗೆ ಬಂದವರೆಲ್ಲ ಸೀರೆಯ ದರಕ್ಕಿಂತ ಮೊದಲು ನೋವಿನ ಊರು ಕೇಳುತ್ತಿದ್ದರು. "ಸಾವಕಾರ್ದು ಇವತ್ತು ಎಲ್ಲೈತ್ರಿ?" "ಉಟ್ಕೂರಾಗ ಐತಿ, ಸಂಜಿಗೆ ಬರ್ತೈತಿ." ಇದು ಬಾಯಿಂದ ಬಾಯಿಗೆ ಹೋಗಿ, ನಮ್ಮ ಸಾಹುಕಾರರಿಗೆ ಉಟ್ಕೂರಿನಲ್ಲಿ ನೋವಾಗಿದೆ ಎಂಬ ಸುದ್ದಿಯಾಗಿ ಉಟ್ಕೂರು ತಲುಪಿತು. ಅಲ್ಲಿಂದ ಹಳೆಯ ಪರಿಚಯದ ಹಿರಿಯರೊಬ್ಬರು ಶೇರ್ ಆಟೋ ಹತ್ತಿ, ತೆಂಗಿನಕಾಯಿ ಬಾಳೆಹಣ್ಣು ಹಿಡಿದುಕೊಂಡು ಬಂದರು. "ನಮ್ಮೂರಾಗ ನಿಮ್ಮ ಮನಸಿಗೆ ನೋವಾಗುವಂಥಾದ್ದು ಏನಾತ್ರಿ? ಯಾರೇನಂದ್ರು ಹೇಳ್ರಿ, ನಾ ಕೇಳ್ತೀನಿ" ಎಂದು ಕೈಮುಗಿದು ಕೂತರು. ಉಟ್ಕೂರು ಎಂದರೆ ಏನು ಎಂದು ಅವರಿಗೆ ಬಿಡಿಸಿ ಹೇಳುವ ಹೊಣೆ ಮಾವನವರದಾಯಿತು. ಒಳಗೆ ಕರೆದೊಯ್ದು ಕಿವಿಯಲ್ಲಿ ಹೇಳಿದರು. ಹೊರಬಂದ ಹಿರಿಯರು ನಮ್ಮ ಮನೆಯ ಚಹಾ ಕುಡಿಯದೆ, "ಊರ ಹೆಸರು ಎಂಥಲ್ಲಿ ಇಟ್ರಿ ಸಾವಕಾರ" ಎಂದು ಬೇಸರ ಮಾಡಿಕೊಂಡು ಹೋದರು. ಬಾಳೆಹಣ್ಣು ಬಿಟ್ಟುಹೋಗಿದ್ದರು, ನಾವು ತಿಂದೆವು.

ನಡುವೆ ಒಂದು ದಿನ ಮಾತ್ರ ಎಲ್ಲ ತಿರುಗುಮುರುಗಾಯಿತು. ಮದುವೆ ಜವಳಿಗೆ ಬಂದ ದೊಡ್ಡ ಬಳಗಕ್ಕೆ ಸೀರೆ ಬಿಚ್ಚಿ ತೋರಿಸುತ್ತ ಮಾವನವರು ಗಾದಿಯ ಮೇಲೆ ಇಡೀ ದಿನ ಬಗ್ಗಿಯೇ ಕೂತಿದ್ದರು. ಸಂಜೆ ಕುಂಟುತ್ತ ಬಂದು, "ಆಕಿಗೆ ಹೇಳು, ಮತ್ತ ಜೂರಾಲಕ್ಕ ಹೋತು" ಎಂದರು. ಗೂಟದ ಚೀಲದ ಕಡೆ ಆ ದಿನ ನೋಡಲೂ ಇಲ್ಲ. ಗಾದಿಯ ಮೇಲೆ ಬೆನ್ನಿಗೆ ಲೋಡುದಿಂಬು ಇಟ್ಟುಕೊಳ್ಳಿ, ನಡುನಡುವೆ ಎದ್ದು ಟೊಂಕಕ್ಕೆ ಎರಡೂ ಕೈ ಕೊಟ್ಟು ಹಿಂದಕ್ಕೆ ಬಾಗಿ ಎಂದು ಹೇಳಿಕಳಿಸಿದೆ. ಅದಕ್ಕೂ ತಕರಾರು. ಟೊಂಕದ ಮೇಲೆ ಕೈ ಇಟ್ಟು ನಿಲ್ಲುವುದು ಜಗಳಕ್ಕೆ ನಿಂತವರ ಲಕ್ಷಣ. ನಾನು ಹಾಗೆ ನಿಂತದ್ದಕ್ಕೆ ಅಜ್ಜಿ ನನ್ನ ಮೊಣಕೈಗೆ ಎಷ್ಟು ಸಲ ಪೆಟ್ಟು ಕೊಟ್ಟಿದ್ದಾಳೋ. ಮಾವನವರೋ ಜನ್ಮವಿಡೀ ಗಿರಾಕಿಗೆ, ಗುರುಗಳಿಗೆ, ದೇವರಿಗೆ ಬಗ್ಗಿದವರು. ಅಂಗಡಿಯ ನಡುವೆ ಸೆಟೆದು ನಿಲ್ಲಲು ಅವರ ಮೈ ಒಪ್ಪಲಿಲ್ಲ. ಕೊನೆಗೆ ಒಪ್ಪಿದರು, ಗದ್ವಾಲದ ಆಸೆಗೆ. ಮೊದಲ ದಿನ ಸೀರೆಯ ದರ ಕಡಿಮೆ ಮಾಡಿ ಎಂದು ಕೇಳಿದ ಮರಿಕಲ್ಲಿನ ಹೆಂಗಸಿನ ಮುಂದೆಯೇ ಎದ್ದು, ಟೊಂಕಕ್ಕೆ ಕೈ ಕೊಟ್ಟು, ಸೂರು ನೋಡುತ್ತ ಹಿಂದಕ್ಕೆ ಬಾಗಿದರು. ಆಕೆ ಬೆದರಿ, "ಸಿಟ್ಟಾಗಬ್ಯಾಡ್ರಿ, ನೀವು ಹೇಳಿದಷ್ಟಾ ಕೊಡ್ತೀನಿ" ಎಂದು ಪೂರ್ತಿ ಬೆಲೆ ಕೊಟ್ಟು ಹೋದಳು. ಅಂದಿನಿಂದ ಮಾವನವರಿಗೆ ಈ ಚಿಕಿತ್ಸೆಯಲ್ಲಿ ನಂಬಿಕೆ ಬಲಿಯಿತು.

ಅದೇ ಹೆಂಗಸು ಮುಂದೆ ನನ್ನ ಕೋಣೆಗೂ ಬಂದಳು, ಎಡಗಾಲು ಹಿಡಿದುಕೊಂಡು. ಆಕೆಗೆ ಗದ್ವಾಲ ಹೊಂದಲಿಲ್ಲ. "ನಮ್ಮ ರೂಟು ಬ್ಯಾರೆ ಐತ್ರಿ" ಎಂದಳು. ಹೀಗಾಗಿ ಎಡಗಾಲಿಗೆ ಹೈದರಾಬಾದ್ ರಸ್ತೆ ಬಂತು: ಮರಿಕಲ್ ಮೇಲೆ, ಪಾಲಮೂರು ಕೆಳಗೆ. ವಡ್ಡೆಪಲ್ಲಿಯಿಂದ ಬಂದವನೊಬ್ಬ ಹೆಬ್ಬೆರಳು ಹಿಡಿದು, "ನಂದು ಗದ್ವಾಲ ದಾಟಿ ನಮ್ಮೂರಿಗಾ ಹೋಗೇತ್ರಿ ಮೇಡಂ" ಎಂದ. ಮುಂದೆ ಗದ್ವಾಲ ಬೇರೆ ಜಿಲ್ಲೆಯಾದಾಗ ಮಾವನವರು ಪೇಪರು ಓದಿ, ಹಿಮ್ಮಡವನ್ನು ನೆಲಕ್ಕೆ ಎರಡು ಸಲ ಕುಟ್ಟಿ, "ಇದಕ್ಕೊಬ್ಬ ಕಲೆಕ್ಟರ್ ಬಂದ" ಎಂದರು.

ಎಲ್ಲೆಲ್ಲಿಗೋ ಹೋದೆ. ನೀವು ಕೇಳಬೇಕಾದ್ದು ನೋವಿನ ನಂತರದ ಆ ಮೊದಲ ಗದ್ವಾಲ ಪ್ರಯಾಣ.

ಮಳೆಗಾಲ ಹಿಡಿಯುವಷ್ಟರಲ್ಲಿ ನೋವು ನಾರಾಯಣಪೇಟೆಯಲ್ಲೇ ಉಳಿದು ದಿನದಿನಕ್ಕೆ ತಣ್ಣಗಾಗುತ್ತ ಬಂತು. ಒಂದು ಮುಂಜಾನೆ ನೋಡುತ್ತೇನೆ, ಗೂಟದ ಚೀಲ ಮಾವನವರ ಹೆಗಲ ಮೇಲೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಾರೆ. "ಅಷ್ಟು ದೂರ ಬಸ್ಸಿನಾಗ ಕುಂತ್ರ ಮತ್ತ ಇಳೀತೈತಿ. ಬ್ಯಾಡ್ರಿ." ಮಾವನವರು ನನ್ನ ಕಡೆ ನೋಡಲಿಲ್ಲ, ನನ್ನ ಪಕ್ಕದ ಕಂಬದ ಕಡೆ ನೋಡಿದರು. "ಆಕಿನ್ನ ಕೇಳು. ಆಕಿ ಹೂಂ ಅಂದ್ರ ಹೋಗ್ತೀನಿ."

ನನಗೂ ಹೆದರಿಕೆಯೇ. ಹೂಂ ಎಂದು, ದಾರಿಯಲ್ಲಿ ನೋವು ಮತ್ತೆ ಹಿಮ್ಮಡಕ್ಕೆ ಇಳಿದರೆ ಅವರು ಇನ್ನೆಂದೂ ಆ ಚೀಲ ಮುಟ್ಟುವವರಲ್ಲ. ಆದರೂ "ಹೂಂ ಅನ್ರಿ ಅತ್ತಿ" ಎಂದೆ. ಟವೆಲ್ಲನ್ನು ಬಿಗಿಯಾಗಿ ಸುತ್ತಿ, ಬೆನ್ನಿಗೆ ಇಟ್ಟುಕೊಳ್ಳಲು ಕೊಟ್ಟೆ. ಮಕ್ತಲಿನಲ್ಲಿ ಬಸ್ಸು ನಿಂತಾಗ ಇಳಿದು ಹಿಂದಕ್ಕೆ ಬಾಗಬೇಕೆಂದು ಹೇಳಿಕಳಿಸಿದೆ. ಅವರು ಹೋದ ಮೇಲೆ ಕೋಣೆಗೆ ಬಂದವರ ಮಾತು ಒಂದೂ ಕಿವಿಗೆ ಬೀಳಲಿಲ್ಲ. ಈಗ ಉಟ್ಕೂರು, ಈಗ ಮಕ್ತಲ್, ಈಗ ಹೊಳೆ ಎಂದು ಮನಸ್ಸು ಬಸ್ಸಿನ ಹಿಂದೆಯೇ ಓಡುತ್ತಿತ್ತು.

ಮಧ್ಯಾಹ್ನ ಮನೆಯ ಫೋನು ಬಡಿಯಿತು. ಅತ್ತೆಯವರ ಎರಡೂ ಕೈ ರೊಟ್ಟಿಯ ಹಿಟ್ಟಿನಲ್ಲಿದ್ದವು. ನಾನೇ ಎತ್ತಿದೆ. ಆ ಕಡೆ ಮಗ್ಗದ ಸಪ್ಪಳ, ಅದರ ನಡುವೆ ಮಾವನವರ ಕೆಮ್ಮು. ನನ್ನ ಕೈ ತಾನೇ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು, ಫೋನಿನಲ್ಲಿ ಕಾಣುತ್ತದೆಯೋ ಎಂಬಂತೆ.

"ಯಾರು?"

"ನಾನ್ರಿ ಮಾವಾರ."

"ಹಾಂ... ಆಕಿಗೆ ಹೇಳು..." ಎಂದು ರೂಢಿಯಂತೆ ಶುರುಮಾಡಿ ತಡೆದರು. ಹೇಳಲು ನಡುವೆ ಯಾರೂ ಇರಲಿಲ್ಲ. ಫೋನಿನ ಈ ತುದಿಗೆ ನಾನು, ಆ ತುದಿಗೆ ಅವರು. ಮಗ್ಗ ನಾಲ್ಕೈದು ಸಲ ಬಡಿಯಿತು. ನನಗೆ ತಡೆಯಲಾಗಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರನ್ನು ನೇರವಾಗಿ ಕೇಳಿಬಿಟ್ಟೆ:

"ಎಲ್ಲೈತ್ರಿ ಮಾವಾರ?"

ಅವರು ನಕ್ಕರು. ಆ ನಗುವನ್ನು ಅಷ್ಟು ಹತ್ತಿರದಿಂದ ನಾನು ಅದುವರೆಗೆ ಕೇಳಿರಲಿಲ್ಲ.

"ನಾ ಗದ್ವಾಲದಾಗ ಅದೀನವ್ವಾ. ಅದು ಇಲ್ಲಿಲ್ಲ."